ಇಡ್ತೀನಿ, ಇಟ್ಟೀನಿ

ಕಂಪ್ಯೂಟರ್ ಬರುವ ಮೊದಲು ಅದರ ಕೆಲಸ ಮಾಡುತ್ತಿದ್ದವಳು ನಾನು. ಹೀಗೆಂದರೆ ಜನ ನಗುತ್ತಾರೆ. ನಗಲಿ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು, ಚಿಕ್ಕೋಡಿಯ ಒಂದು ಧರ್ಮಾರ್ಥ ದವಾಖಾನೆಯಲ್ಲಿ ನೆಲ ಒರೆಸಿ, ಹಾಸಿಗೆ ಬದಲಿಸಿ, ಬಾಣಂತಿಯರ ಬಟ್ಟೆ ಒಗೆದು ಹೊಟ್ಟೆ ಹೊರೆದವಳು. ಎಲ್ಲರೂ ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಆದರೂ ಆ ಕೆಲಸ ನನ್ನದೇ ಆಗಿತ್ತು.

ದವಾಖಾನೆಗೆ ನಾಲ್ಕು ಕಡೆ ಶಾಖೆ ಇದ್ದವು. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಶಾಖೆ ಎಂದರೆ ಎರಡು ಕೋಣೆ, ಒಬ್ಬ ಡಾಕ್ಟರು, ಒಬ್ಬ ಕಂಪೌಂಡರ್, ಒಂದು ಫ್ರಿಜ್, ಒಂದು ಫೋನು. ಕಬ್ಬಿನ ಸೀಮೆ. ಹಾವು ಕಚ್ಚಿದವರು ಬರುವುದು ಹೊಸದಲ್ಲ. ಹಾವಿನ ಮದ್ದಿನ ಬಾಟಲಿಗಳು ಮಾತ್ರ ಯಾವಾಗಲೂ ಕಡಿಮೆ. ಚಿಕ್ಕೋಡಿಯಲ್ಲಿ ಮೂರಿದ್ದರೆ ನಿಪ್ಪಾಣಿಯಲ್ಲಿ ಎರಡು, ಕಾಗವಾಡದಲ್ಲಿ ಒಂದು, ಹೀಗೆ. ಒಬ್ಬ ರೋಗಿಗೆ ಕೆಲವೊಮ್ಮೆ ಹತ್ತು ಬೇಕಾಗುತ್ತಿದ್ದವು. ಆಗ ಐದೂ ಕಡೆಯವು ಒಂದೆಡೆ ಸೇರಬೇಕು.

ಸೇರಿದರೆ ಹತ್ತೂ ಸೇರಬೇಕು, ಇಲ್ಲದಿದ್ದರೆ ಒಂದೂ ಅಲುಗಬಾರದು. ಇದು ಚಿಕ್ಕೋಡಿಯ ದೊಡ್ಡ ಡಾಕ್ಟರು ಹಾಕಿದ ನಿಯಮ. ಹತ್ತು ಸಿಗುತ್ತವೆ ಎಂದು ಗೊತ್ತಾದರೆ ರೋಗಿಯನ್ನು ಚಿಕ್ಕೋಡಿಯಲ್ಲೇ ಇಟ್ಟುಕೊಳ್ಳುವುದು. ಸಿಗದಿದ್ದರೆ ಇದ್ದದ್ದನ್ನು ಚುಚ್ಚಿ ತಕ್ಷಣ ಜೀಪಿನಲ್ಲಿ ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸುವುದು. ನಾಲ್ಕು ಊರಿನ ಫ್ರಿಜ್ ಖಾಲಿ ಮಾಡಿ ಎಂಟು ಸೇರಿಸಿ, ಉಳಿದ ಎರಡಕ್ಕೆ ಬಾಗಿಲು ನೋಡುತ್ತ ಕೂಡುವುದು ಎಲ್ಲಕ್ಕಿಂತ ಕೆಟ್ಟದ್ದು. ಈ ರೋಗಿಯೂ ಹೋದ, ಆ ಊರುಗಳಲ್ಲಿ ನಾಳೆ ಬರುವವನಿಗೂ ಇಲ್ಲ.

ಫೋನು ಪಡಸಾಲೆಯ ಗೋಡೆಗೆ ಇತ್ತು. ನರ್ಸುಗಳಿಗೆ ರೋಗಿಯ ಕೆಲಸ. ನನ್ನ ಗಂಟಲು ದೊಡ್ಡದು. ಹಾಗಾಗಿ ಫೋನು ನನ್ನ ಪಾಲಿಗೆ ಬಂತು.

“ನಿನಗ ಫೋನ್ ಯಾಕ ಬೇಕು ಮಾವಶಿ? ಕಿಡಕಿ ತಗದು ಒದರು, ಅಥಣಿಗಿ ಕೇಳ್ತೈತಿ,” ಎನ್ನುತ್ತಿದ್ದರು ದೊಡ್ಡ ಡಾಕ್ಟರು.

ಮಾಡುವುದು ಹೀಗೆ. ಮೊದಲ ಸುತ್ತಿನಲ್ಲಿ ಎಲ್ಲರನ್ನೂ ಕೇಳುವುದು: ಎಷ್ಟು ಅದಾವ, ತೆಗೆದು ಇಡ್ತೀರೇನು? ಇದ್ದರೆ ಕಂಪೌಂಡರ್ ಫ್ರಿಜ್ಜಿನಲ್ಲೇ ಬೇರೆ ಡಬ್ಬಿಗೆ ತೆಗೆದು, ಬೇರೆ ಹಲಗೆಯ ಮೇಲೆ ಇಟ್ಟು ಬಂದು “ಇಟ್ಟೀನಿ”, ಅಂದರೆ ಇಟ್ಟಾಗಿದೆ, ಎನ್ನಬೇಕು. ಇಟ್ಟೀನಿ ಎಂದ ಮೇಲೆ ಅವು ಅವನವಲ್ಲ. ಯಾರು ಬಂದರೂ ಮುಟ್ಟುವಂತಿಲ್ಲ. ನಾನು ಎರಡನೇ ಸುತ್ತಿನಲ್ಲಿ ಫೋನ್ ಮಾಡಿ “ಕೊಡ್ರಿ” ಎಂದರೆ ಥರ್ಮಾಸಿನಲ್ಲಿ ಬರ್ಫ ಹಾಕಿ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು. “ಬಿಡ್ರಿ” ಎಂದರೆ ಮತ್ತೆ ಮೊದಲಿನ ಜಾಗದಲ್ಲಿ ಇಡಬೇಕು. ಎರಡೂ ಅನ್ನದಿದ್ದರೆ ಕಾಯಬೇಕು. ಇಷ್ಟೇ.

ನನ್ನ ಹತ್ತಿರ ಒಂದು ವಹಿ ಇತ್ತು. ಅದರಲ್ಲಿ ಊರಿನ ಹೆಸರು ಬರೆಯುತ್ತಿರಲಿಲ್ಲ, ಬರೆಯುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು. ನಿಪ್ಪಾಣಿಗೆ ತಂಬಾಕಿನ ಎಲೆ, ರಾಯಬಾಗಕ್ಕೆ ರೈಲಿನ ಹಳಿ, ಅಥಣಿಗೆ ಚಪ್ಪಲಿ, ಕಾಗವಾಡಕ್ಕೆ ದ್ರಾಕ್ಷಿ. ಇಟ್ಟೀನಿ ಎಂದವರ ಚಿತ್ರದ ಪಕ್ಕ ಬಾಟಲಿಗೊಂದು ಗೀಟು. ಎಲ್ಲ ಗೀಟು ಕೂಡಿ ಹತ್ತಾದರೆ ಕೆಳಗೆ ಅಡ್ಡಗೆರೆ ಎಳೆಯುವುದು, ಆಮೇಲೆ ಡಾಕ್ಟರಿಗೆ ಹೇಳುವುದು. ಮೊದಲು ಗೆರೆ, ಆಮೇಲೆ ಬಾಯಿ. ಬಾಯಿ ಬಿಟ್ಟ ಮೇಲೆ ಗೆರೆ ಎಳೆಯುತ್ತೇನೆಂದು ಕೂತರೆ ನಡುವೆ ಯಾರೋ ಕರೆದು, ನಾನು ಯಾರಿಗೆ ಹೇಳಿದೆ, ಯಾರಿಗೆ ಬಿಟ್ಟೆ ಎಂದು ಮರೆತು ಹೋಗುತ್ತಿತ್ತು. ಇದನ್ನು ಯಾರೂ ಕಲಿಸಿದ್ದಲ್ಲ. ಒಮ್ಮೆ ಮರೆತು ಬೈಸಿಕೊಂಡ ಮೇಲೆ ನಾನೇ ಮಾಡಿಕೊಂಡದ್ದು.

ಎಂಬತ್ತರ ದಶಕದ ಒಂದು ಸುಗ್ಗಿ. ಮಧ್ಯಾಹ್ನದ ಊಟದ ಹೊತ್ತು. ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯಲ್ಲಿ ಒಬ್ಬ ಹೆಣ್ಣುಮಗಳನ್ನು ಮಲಗಿಸಿಕೊಂಡು ಅವಳ ಗಂಡ ಬಂದ. ಕಬ್ಬಿನ ರವದಿ, ಒಣಗಿದ ಸೋಗೆ, ಬಳಿಯುವಾಗ ಕಾಲಿನ ಹರಡಿಗೆ ಹಾವು ಕಚ್ಚಿತ್ತು. ನನಗಿಂತ ಒಂದೆರಡು ವರ್ಷ ಸಣ್ಣವಳಿರಬೇಕು. ಎಚ್ಚರ ಇತ್ತು. ಸೀರೆ ಬದಲಿಸಲು ಹೋದ ನನ್ನ ಕೈ ಹಿಡಿದು, “ಸಂಜೀಕ ಎಮ್ಮಿ ಹಿಂಡಾಕ ಬಿಡ್ತಾರೇನ್ ಅಕ್ಕಾ? ಅದು ಬ್ಯಾರೆದವರಿಗಿ ಒದಿತೈತಿ,” ಎಂದಳು.

“ಮಕ್ಕೊ ಸುಮ್ನ. ಎಮ್ಮಿಗಿ ಏನಾಗಿಲ್ಲ,” ಎಂದೆ.

ಡಾಕ್ಟರು ಕಾಲು ನೋಡಿದರು, ಕಣ್ಣಿನ ರೆಪ್ಪೆ ನೋಡಿದರು. ಹೊರಗೆ ಬಂದು, “ಹತ್ತು ಬೇಕು ಮಾವಶಿ. ನಮ್ಮಲ್ಲಿ ಮೂರು ಅದಾವ, ಶುರು ಮಾಡ್ತೀನಿ. ಅರ್ಧಾ ತಾಸಿನ್ಯಾಗ ನನಗ ಹೌದೋ ಅಲ್ಲೋ ಹೇಳು. ಅಲ್ಲ ಅಂದ್ರ ಜೀಪ್ ಮಿರಜಿಗಿ,” ಎಂದರು.

ನಿಪ್ಪಾಣಿ ಬೇಗ ಸಿಕ್ಕಿತು. ಎರಡು, ಇಟ್ಟೀನಿ. ರಾಯಬಾಗ ಎರಡು, ಇಟ್ಟೀನಿ. ಕಾಗವಾಡ ಒಂದು, ಇಟ್ಟೀನಿ. ನಮ್ಮ ಮೂರು ಸೇರಿ ಎಂಟಾಯಿತು. ಅಥಣಿಗೆ ಅರ್ಜೆಂಟ್ ಕಾಲ್ ಹಚ್ಚಿ ನಿಂತೆ. ಆ ಕಾಲದ ಲೈನು, ಮಾತಿನ ನಡುವೆ ಅವಲಕ್ಕಿ ಹುರಿದ ಹಾಗೆ ಸದ್ದು. ಕೊನೆಗೆ ಕಂಪೌಂಡರನ ದನಿ ಬಂತು.

“ಹಾವಿನ ಬಾಟ್ಲಿ ಎಷ್ಟ ಅದಾವ್ರಿ ಅಣ್ಣಾರ? ಎರಡು ಬೇಕು, ಎರಡು!” ಎಂದು ಒದರಿದೆ.

“ಎರಡು...” ಎಂದ. ಆಮೇಲೆ ಬರೀ ಸದ್ದು. ಆಮೇಲೆ, “...ಇಡ್ತೀನ್ರಿ ಮಾವಶಿ.” ಕಟ್.

ನಾನು ಚಪ್ಪಲಿಯ ಪಕ್ಕ ಎರಡು ಗೀಟು ಹಾಕಿದೆ. ಅಡ್ಡಗೆರೆ ಎಳೆದೆ. ಒಳಗೆ ಹೋಗಿ, “ಹತ್ತು ಆದುವ್ರಿ ಸಾಹೇಬರ,” ಎಂದೆ.

ಅವಳ ಗಂಡ ಬಾಗಿಲ ಹತ್ತಿರ ಬೆಂಚಿನ ಮೇಲೆ ಕೂತಿದ್ದ. ಕೈಯಲ್ಲಿ ಅವಳ ಕುಡುಗೋಲು ಇನ್ನೂ ಇತ್ತು, ಕೆಳಗಿಡುವುದನ್ನೇ ಮರೆತಿದ್ದ. “ಎಲ್ಲಾ ಬರ್ತಾವೇನ್ ಅಕ್ಕಾ?” ಎಂದು ಕೇಳಿದ.

“ಬರ್ತಾವ,” ಎಂದೆ.

ಜೀಪು ನಿಪ್ಪಾಣಿಗೆ ಹೊರಟಿತು, ಅಲ್ಲಿಯ ಎರಡು ತರಲು. ರಾಯಬಾಗಕ್ಕೆ ಕೊಡ್ರಿ ಎಂದೆ. ಕಾಗವಾಡಕ್ಕೆ ಕೊಡ್ರಿ ಎಂದೆ. ಅಥಣಿ ಸಿಗಲಿಲ್ಲ. ಮತ್ತೆ ಹಚ್ಚಿದೆ, ಸಿಗಲಿಲ್ಲ. ಅವನು ತೆಗೆದು ಇಟ್ಟುಕೊಂಡು ನನ್ನ ಫೋನಿಗೆ ಕಾಯುತ್ತಿದ್ದಾನೆ ಎಂದೇ ನನ್ನ ತಲೆಯಲ್ಲಿ. ಒಂದು ತಾಸಿಗೆ ಹತ್ತಿರ ಆಗಿತ್ತು, ಲೈನು ಸಿಕ್ಕಿತು. ಈ ಸಲ ಸ್ವಚ್ಛ ಕೇಳುತ್ತಿತ್ತು.

“ಕೊಡ್ರಿ ಅಣ್ಣಾರ, ಎರಡೂ ಕೊಡ್ರಿ. ಯಾವ ಬಸ್ ಐತಿ ಈಗ?”

“ಯಾವ ಎರಡ್ರಿ ಮಾವಶಿ?”

“ಹಾವಿಂದ! ನೀವ ಇಡ್ತೀನಿ ಅಂದ್ರಲ್ಲ!”

“ಫೋನ್ ಇಡ್ತೀನಿ ಅಂದ್ನಿ! ಐಗಳಿಯಿಂದ ಚಕ್ಕಡಿ ಬಂದಿತ್ತು, ಹಾವು ಕಚ್ಚಿದಂವನ್ನ ಹೇರಿಕೊಂಡು. ಎರಡು ಇದ್ದುವು, ಅವನಿಗೇ ಬೇಕಾಗ್ತಾವ, ಫೋನ್ ಇಡ್ತೀನಿ ಅಂತ ಹೇಳಿದ್ನೆಲ್ಲ! ಎರಡೂ ಅವನಿಗಿ ಹೋದುವು.”

ನಾನು ಫೋನು ಕೆಳಗಿಟ್ಟು ಒಳಗೆ ಹೋಗಿ, ಅಥಣಿಯವು ಇಲ್ಲ ಎಂದೆ.

ಜೀಪು ನಿಪ್ಪಾಣಿಯಿಂದ ಬಂದಾಗ ಅವಳ ಉಸಿರು ಸಣ್ಣದಾಗಿತ್ತು. ರಾಯಬಾಗದವು ಬಂದವು, ಕಾಗವಾಡದ್ದೂ ಬಂತು. ಎಂಟೂ ಚುಚ್ಚಿದರು. ಸಾಲಲಿಲ್ಲ. ಅದೇ ಜೀಪಿನಲ್ಲಿ ಮಿರಜಿಗೆ ಹೊರಡಿಸಿದರು. ಕೃಷ್ಣಾ ಹೊಳೆ ದಾಟುವ ಮೊದಲೇ ಸತ್ತಳು. ಮೊದಲೇ ಮಿರಜಿಗೆ ಕಳಿಸಿದ್ದರೆ ಬದುಕುತ್ತಿದ್ದಳೋ ಇಲ್ಲವೋ, ಅದನ್ನು ಯಾರೂ ಹೇಳಲಾರರು. ಡಾಕ್ಟರೂ ಹೇಳಲಿಲ್ಲ. ಐಗಳಿಯವನು ಬದುಕಿದ.

ಮರುದಿನ ಡಾಕ್ಟರು ವಹಿ ತರಿಸಿ ನೋಡಿದರು. ಚಪ್ಪಲಿ, ಎರಡು ಗೀಟು, ಅಡ್ಡಗೆರೆ. “ವಹಿ ಸರಿ ಐತಿ,” ಎಂದರು. ಅಥಣಿಯ ಕಂಪೌಂಡರನನ್ನು ಕರೆಸಿ ನನ್ನ ಮುಂದೆಯೇ ಬೈದರು. ಮಾತಿನ ಮೇಲೆ ನಿಲ್ಲದವನು ಎಂದರು. ಅವನು, “ನಾ ಇಟ್ಟೀನಿ ಅಂದಿಲ್ರಿ ಸಾಹೇಬರ, ಮಾವಶೀನ್ನ ಕೇಳ್ರಿ,” ಎಂದ. ಡಾಕ್ಟರು ನನ್ನ ಕಡೆ ನೋಡಿದರು. “ಲೈನ್ ಸರಿ ಇರಲಿಲ್ರಿ,” ಎಂದೆ. ಅದು ಸುಳ್ಳಲ್ಲ. ಆದರೆ ನಿಜವೂ ಅಲ್ಲ. ಇಡ್ತೀನಿ ಎಂದು ಅವನು ಅಂದದ್ದು ನನಗೆ ಸರಿಯಾಗಿಯೇ ಕೇಳಿತ್ತು. ಇಟ್ಟೀನಿ ಅಂದಿರಲಿಲ್ಲ ಎನ್ನುವುದು ಗೀಟು ಹಾಕುವಾಗಲೇ ಗೊತ್ತಿತ್ತು. ಇಡುತ್ತೇನೆ ಎಂದವನು ಇಟ್ಟಂತೆಯೇ ಎಂದುಕೊಂಡೆ. ಹತ್ತು ಆಗಬೇಕಾಗಿತ್ತು, ಆಗಿಸಿದೆ.

ಅವನು ಒಂದು ವರ್ಷದೊಳಗೆ ಕೆಲಸ ಬಿಟ್ಟು ಹೋದ. ಆ ಬೈಗುಳಕ್ಕೇ ಬಿಟ್ಟನೋ ಮತ್ತೆ ಯಾತಕ್ಕೋ ಗೊತ್ತಿಲ್ಲ. ನಾನು ಕೇಳಲಿಲ್ಲ.

ಅಂದಿನಿಂದ ನಾನು ಎಲ್ಲರ ಬಾಯಿಂದ ಪೂರ್ತಿ ಹೇಳಿಸುತ್ತಿದ್ದೆ. “ಎರಡು ತೆಗೆದು ಬ್ಯಾರೆ ಇಟ್ಟೀನಿ,” ಅನ್ನಬೇಕು. ನಾನು ಅದನ್ನೇ ತಿರುಗಿ ಹೇಳಬೇಕು, ಅವರು ಹೌದ್ರಿ ಅನ್ನಬೇಕು. ಆಗಲೇ ಗೀಟು. “ಮಾವಶಿ ಸಾಲಿ ಮಾಸ್ತರ ಆಗ್ಯಾಳ, ಪಾಠ ಒಪ್ಪಿಸ್ಕೋತಾಳ,” ಎಂದು ರಾಯಬಾಗದವನು ನಗುತ್ತಿದ್ದ. ಒಪ್ಪಿಸಿಕೊಳ್ಳುತ್ತಲೇ ಇದ್ದೆ.

ಹತ್ತು ವರ್ಷಕ್ಕೂ ಮೇಲೆ ಹೀಗೆ ನಡೆಯಿತು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಐದೂ ಕಡೆ ಕಂಪ್ಯೂಟರ್ ಬಂದವು. ಪ್ರತಿ ಊರಿನ ಔಷಧದ ಪಟ್ಟಿ ಆ ಊರಿನ ಮಷೀನಿನಲ್ಲೇ ಇರುತ್ತದೆ, ಮಷೀನುಗಳು ಫೋನಿನ ತಂತಿಯಲ್ಲಿ ತಾವೇ ಮಾತಾಡಿಕೊಳ್ಳುತ್ತವೆ ಎಂದರು. ಅದನ್ನು ಕೂಡಿಸಲು ಒಬ್ಬ ಹೆಣ್ಣುಮಗಳು ಬಂದಳು. ನಿಪ್ಪಾಣಿಯವಳು, ಕೊಲ್ಹಾಪುರದಲ್ಲಿ ಕಲಿತವಳು, ದಪ್ಪ ಚಷ್ಮಾ, ಅರ್ಧ ಮಾತು ಮರಾಠಿ. ನಾವು ಕಂಪ್ಯೂಟರ್ ಬಾಯಾರು ಎನ್ನುತ್ತಿದ್ದೆವು. ಡಾಕ್ಟರು ಅವಳಿಗೆ, “ಬಾಟ್ಲಿ ಕೂಡಿಸೂದು ಹ್ಯಾಂಗ ಅಂತ ನಮ್ಮ ಮಾವಶೀನ್ನ ಕೇಳ್ರಿ,” ಎಂದರಂತೆ.

ಅವಳು ನನ್ನ ವಹಿ ತೆಗೆದುಕೊಂಡು ಒಂದೊಂದೇ ಹಾಳೆ ತಿರುವಿದಳು. ನಾನು ಹೇಳುತ್ತ ಹೋದೆ. ಮೊದಲ ಸುತ್ತು, ಎರಡನೇ ಸುತ್ತು, ಗೀಟು, ಗೆರೆ. ಅವಳು ಚಷ್ಮಾ ತೆಗೆದು ನನ್ನನ್ನೇ ನೋಡಿದಳು.

“ಮಾವಶಿ, ನಮಗ ಕಾಲೇಜಿನ್ಯಾಗ ಇದನ್ನ ಟೂ ಫೇಸ್ ಕಮಿಟ್, ಎರಡು ಸುತ್ತಿನ ಖಾತ್ರಿ, ಅಂತ ಒಂದು ವರ್ಷ ಕಲಿಸ್ಯಾರ.”

“ಒಂದು ವರ್ಷ? ಇದರಾಗ ಕಲಿಸೂದು ಏನೈತಿ?”

“ಹಂಗಾದ್ರ ಹೇಳ್ರಿ. ಎಲ್ಲಾರೂ ಇಟ್ಟೀನಿ ಅಂದ್ರು, ನೀವು ಗೆರಿ ಎಳದ್ರಿ, ಕೊಡ್ರಿ ಅನ್ನೂದರಾಗ ಎದಿ ಹಿಡಕೊಂಡು ಬಿದ್ರಿ. ಮುಂದ?”

“ನಾ ಬಿದ್ರ ವಹಿ ಬೀಳ್ತೈತೇನು? ಇನ್ನೊಬ್ಬಾಕಿ ಬಂದು ನೋಡ್ತಾಳ. ಅಡ್ಡಗೆರಿ ಇದ್ರ ಎಲ್ಲಾರಿಗೂ ಕೊಡ್ರಿ ಅಂತಾಳ. ಗೆರಿ ಇಲ್ಲಂದ್ರ ಬಿಡ್ರಿ ಅಂತಾಳ.”

“ಮತ್ತ ಗೆರಿ ಎಳಿಯೂಕಿಂತ ಮೊದಲ, ಯಾವುದಾದ್ರೂ ಊರಿಂದ ಉತ್ತರನ ಬರಲಿಲ್ಲ?”

ನಾನು ಚಹಾ ತರುತ್ತೇನೆಂದು ಎದ್ದೆ.

ಒಂದು ವಾರ ಅವಳು ಮಷೀನಿನ ಮುಂದೆ ಕೂತಳು. ಒಂದು ದಿನ ಕರೆದು ತೋರಿಸಿದಳು. ಬೇರೆ ಊರಿನ ಕಂಪೌಂಡರನ ಪಡದೆಯ ಮೇಲೆ ಎರಡು ಚೌಕ ಬರುತ್ತವೆ, ಒಂದನ್ನು ಒತ್ತಬೇಕು. ನಾನು ಕೂಡಿಸಿ ಓದಿದೆ. ಒಂದರಲ್ಲಿ “ಇಲ್ಲ” ಎಂದಿತ್ತು. ಇನ್ನೊಂದರಲ್ಲಿ “ಇಡ್ತೀನಿ” ಎಂದಿತ್ತು.

“ನೀವ ಅಂತಿದ್ರೆಲ್ಲ ಮಾವಶಿ, ನಿಮ್ಮ ಮಾತ ಹಾಕೀನಿ,” ಎಂದಳು, ಖುಷಿಯಿಂದ.

“ತಗಿ ಅದನ್ನ.”

“ಯಾಕ್ರಿ?”

“ತಗಿ ಅಂದ್ನಿ. ಇಟ್ಟೀನಿ ಅಂತ ಹಾಕು. ತೆಗೆದು ಬ್ಯಾರೆ ಇಟ್ಟೀನಿ ಅಂತ ಪೂರ್ತಿ ಹಾಕು. ಎಷ್ಟು ಅಂತ ಹಾಕು.”

“ಒಂದು ಶಬ್ದದಾಗ ಏನೈತಿ ಮಾವಶಿ?”

ಆಗ ಹೇಳಿದೆ. ನಿಂತೇ ಹೇಳಿದೆ. ರವದಿ, ಎಮ್ಮೆ, ಚಪ್ಪಲಿ ಪಕ್ಕದ ಗೀಟು, ಬೈಸಿಕೊಂಡ ಕಂಪೌಂಡರ್, ಎಲ್ಲ. ಅದಕ್ಕೂ ಮೊದಲು ಯಾರಿಗೂ ಹೇಳಿರಲಿಲ್ಲ. ನನ್ನ ಗಂಡನಿಗೂ ಹೇಳಿರಲಿಲ್ಲ, ಅವನು ಸತ್ತೂ ಆಗಿತ್ತು. ಬಾಯಾರು ಸಮಾಧಾನ ಹೇಳಲಿಲ್ಲ. ಅದು ಒಳ್ಳೆಯದಾಯಿತು. “ಅಂವ ಇಟ್ಟೀನಿ ಅಂದಿದ್ರ ಐಗಳಿಯಂವ ಸಾಯತಿದ್ದ,” ಎಂದಳು. “ಫ್ರಿಜ್ಜಿನ್ಯಾಗ ಎರಡು ಬಾಟ್ಲಿ, ಮುಂದ ರೋಗಿ, ನಿಮ್ಮ ಫೋನ್ ಇಲ್ಲ. ಮುಟ್ಟಂಗಿಲ್ಲ, ಬಿಡಂಗಿಲ್ಲ. ಇದಕ್ಕ ನಮ್ಮ ಪುಸ್ತಕದಾಗೂ ಪೂರ್ತಿ ಉತ್ತರ ಇಲ್ರಿ. ಒಮ್ಮೆ ಹೂಂ ಅಂದಂವ ಬ್ಯಾರೆ ಊರಿನವರನ್ನ ಕೇಳಬಹುದು, ನಿಮಗ ಚಿಕ್ಕೋಡಿ ಏನರ ಹೇಳೈತೇನು ಅಂತ. ಅವರಿಗೂ ಗೊತ್ತಿಲ್ಲಂದ್ರ, ಕುಂಡ್ರೂದ.”

“ಅಂವ ಅಂದಿರಲಿಲ್ಲ,” ಎಂದೆ. “ಅಂದಿರಲಿಲ್ಲ, ಅದಕ್ಕ ಕೊಟ್ಟ. ಅಂವ ಮಾಡಿದ್ದು ಸರಿ ಇತ್ತು.”

ಶಬ್ದ ಬದಲಿಸಿದಳು.

ಕೆಲವು ದಿನಗಳ ನಂತರ ಐದೂ ಕಡೆ ಒಮ್ಮೆಲೇ ಪರೀಕ್ಷೆ ಮಾಡಿದರು. ರೋಗಿ ಇಲ್ಲ, ಸುಮ್ಮನೆ. ಚಿಕ್ಕೋಡಿಯ ಮಷೀನು ಹತ್ತು ಬೇಕೆಂದು ಕೇಳಿತು. ಪಡದೆಯಲ್ಲಿ ನಿಪ್ಪಾಣಿ ಬಂತು, ರಾಯಬಾಗ ಬಂತು, ಕಾಗವಾಡ ಬಂತು. ಅಥಣಿಯಲ್ಲಿ ಬೇಕೆಂದೇ ಫೋನಿನ ತಂತಿ ಕಿತ್ತಿದ್ದರು. ಅಥಣಿಯ ಮುಂದಿನ ಜಾಗ ಖಾಲಿಯೇ ಇತ್ತು. ಮಷೀನು ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಅಥಣಿಯ ಮುಂದೆ “ಇಲ್ಲ” ಎಂದು ತಾನೇ ಬರೆಯಿತು. ಉಳಿದ ಮೂರಕ್ಕೂ “ಬಿಡ್ರಿ” ಹೋಯಿತು. ಕೆಳಗೆ ಕೆಂಪು ಅಕ್ಷರದಲ್ಲಿ “ಮಿರಜಿಗೆ ಕಳಿಸಿ” ಎಂದು ಬಂತು.

“ಉತ್ತರ ಬರಲಿಲ್ಲ ಅಂದ್ರ ಇಲ್ಲ ಅಂತ ತಿಳೀತೈತಿ. ಹೂಂ ಅಂತ ತಿಳಿಯೂದಿಲ್ಲ,” ಎಂದಳು ಬಾಯಾರು.

ಇಷ್ಟೇ. ನಾನು ಮಾಡಬೇಕಾಗಿದ್ದದ್ದು ಇಷ್ಟೇ. ಬುದ್ಧಿ ಬೇಕಾಗಿರಲಿಲ್ಲ, ಓದು ಬೇಕಾಗಿರಲಿಲ್ಲ. ಪೂರ್ತಿ ಕೇಳಲಿಲ್ಲ, ಇಲ್ಲ ಎಂದು ತಿಳಿ, ಜೀಪು ತಿರುಗಿಸು. ಮಷೀನಿಗೆ ಆ ಹೆಣ್ಣುಮಗಳ ಮುಖ ಕಾಣುವುದಿಲ್ಲ, ಹತ್ತು ಆಗಲಿ ಎಂಬ ಆಸೆ ಅದಕ್ಕಿಲ್ಲ. ನನಗಿತ್ತು.

ಆ ವಾರದ ರಜೆಯ ದಿನ ಬಸ್ಸು ಹತ್ತಿ ಅವಳ ಗಂಡನ ಊರಿಗೆ ಹೋದೆ. ಚಿಕ್ಕೋಡಿಯಿಂದ ದೂರವಿಲ್ಲ. ಅವನು ಮುದುಕನಾಗಿದ್ದ. ಮತ್ತೆ ಮದುವೆ ಆಗಿರಲಿಲ್ಲ. ಅಂಗಳದಲ್ಲಿ ಮೇವು ಕತ್ತರಿಸುತ್ತಿದ್ದ. ನನ್ನ ಗುರುತು ಹಿಡಿದ.

“ಫೋನಿನ ಅಕ್ಕ ಅಲ್ಲೇನು? ಬರ್ರಿ, ಕುಂಡ್ರ್ರಿ.”

ಕೂಡಲಿಲ್ಲ. “ಅವತ್ತ ಎಲ್ಲಾ ಬರ್ತಾವ ಅಂತ ನಿಮಗ ಹೇಳಿದ್ನಿ. ನನಗ ಖಾತ್ರಿ ಇರಲಿಲ್ಲ. ಅಥಣಿಯಂವ ಫೋನ್ ಇಡ್ತೀನಿ ಅಂದ, ನಾ ಬಾಟ್ಲಿ ಇಟ್ಟಾನ ಅಂತ ಬರಕೊಂಡ್ನಿ. ನಾ ಇಲ್ಲ ಅಂದಿದ್ರ ಆವಾಗ ಜೀಪ್ ಮಿರಜಿಗಿ ಹೊಂಡತಿತ್ತು. ತಪ್ಪು ನಂದು, ಅವಂದಲ್ಲ,” ಎಂದೆ.

ಅವನು ಮೇವು ಕತ್ತರಿಸುವುದನ್ನು ನಿಲ್ಲಿಸಿದ.

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ಹೆದರಿಕಿ.”

“ಈಗ ಹೇಳಿದ್ರಿ. ನಾ ಏನ್ ಮಾಡ್ಲಿ ಅದನ್ನ?”

ಅವನು ಎದ್ದು ಒಳಗೆ ಹೋಗಿ ನೀರು ತಂದು ಕೊಟ್ಟ. ಕುಡಿದೆ. “ಆ ಎಮ್ಮಿ ಯಾರಿಗೂ ಹಿಂಡಾಕ ಬಿಡಲಿಲ್ಲ. ಮಾರಿದ್ವಿ,” ಎಂದ. ಮತ್ತೆ ಕುಡುಗೋಲು ತೆಗೆದುಕೊಂಡ. ನಾನು ಬಸ್ಸಿಗೆ ಬಂದೆ. ಕ್ಷಮಿಸಿದ್ದೇನೆ ಎಂದು ಅವನು ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಉತ್ತರ ಬರಲಿಲ್ಲ ಎಂದರೆ ಹೇಗೆ ತಿಳಿಯಬೇಕು ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

ಅಥಣಿಯ ಆ ಕಂಪೌಂಡರನನ್ನೂ ಹುಡುಕಿಸಿದೆ. ಸಿಗಲಿಲ್ಲ. ಡಾಕ್ಟರಿಗೆ ಮಾತ್ರ ಹೋಗಿ ಹೇಳಿದೆ, ಅವನ ಮಾತು ಸರಿ ಇತ್ತು ಎಂದು. ಅವರಿಗೂ ವಯಸ್ಸಾಗಿತ್ತು. ತಲೆ ಅಲ್ಲಾಡಿಸಿದರು.

ಈಗ ನನ್ನ ಹತ್ತಿರವೂ ಫೋನು ಇದೆ. ಮಗಳು ದಿನಾ ಮಾತಾಡುತ್ತಾಳೆ. ಮಾತು ಮುಗಿದ ಮೇಲೆ ನಾನು ಏನೂ ಹೇಳದೆ ಕೆಳಗಿಟ್ಟುಬಿಡುತ್ತೇನೆ. “ಇಡ್ತೀನಿ ಅಂತ ಒಂದು ಮಾತ ಹೇಳಾಕ ನಿನಗ ಏನಾಗೈತಿ ಬೇ ಅವ್ವಾ?” ಎಂದು ಅವಳು ಮರುದಿನ ಜಗಳ ತೆಗೆಯುತ್ತಾಳೆ. ತೆಗೆಯಲಿ. ಆ ಮಾತು ನಾನು ಅನ್ನುವುದಿಲ್ಲ.